ಕರ್ಮವಿದ್ದರೂ ಪೂರ್ತಿಯಾಗದ ಕ್ರಿಯಾಪದಗಳು

ಇಂಗ್ಲಿಷ್ ವ್ಯಾಕರಣವನ್ನು ಕುರಿತು ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಕರ್ತೃ ಇದ್ದರೂ, ಬೇಕಾದಲ್ಲಿ ಕರ್ಮವಿದ್ದರೂ, ಎಲ್ಲಿ, ಎತ್ತ, ಹೇಗೆ, ಎಷ್ಟು ಹೊತ್ತು ಎಂಬುದರಲ್ಲಿ ಒಂದನ್ನು ಹೇಳದ ಹೊರತು ಕೆಲವು ಇಂಗ್ಲಿಷ್ ಕ್ರಿಯಾಪದಗಳ ಅರ್ಥ ಮುಗಿಯುವುದಿಲ್ಲ. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ.

ಪ್ರಶ್ನೆ: ನನ್ನ ವಿದ್ಯಾರ್ಥಿನಿಯೊಬ್ಬಳು ‘ಐ ಪುಟ್ ದ ಬುಕ್’ ಎಂದು ಬರೆದಿದ್ದಳು. ತಪ್ಪೆಂದು ಗುರುತು ಹಾಕಿದೆ. ‘ಕರ್ತೃ ಇದೆ, ಕ್ರಿಯಾಪದ ಇದೆ, ಅದು ಸಕರ್ಮಕವಾದ್ದರಿಂದ ಕರ್ಮವೂ ಇದೆ, ಇನ್ನೇನು ಕಡಿಮೆಯಾಗಿದೆ’ ಎಂದು ಅವಳು ಕೇಳಿದಳು. ‘ಎಲ್ಲಿ ಎಂದು ಹೇಳಬೇಕು’ ಎಂದೆನೇ ಹೊರತು ಅದನ್ನು ಏಕೆ ಹೇಳಲೇಬೇಕು ಎಂದು ವಿವರಿಸಲಾಗಲಿಲ್ಲ. ಕ್ರಿಯಾವಿಶೇಷಣವನ್ನು ಬೇಕಾದರೆ ಸೇರಿಸಬಹುದು, ಬೇಡವಾದರೆ ಬಿಡಬಹುದು ಎಂದು ನಾವೇ ಪಾಠ ಮಾಡುತ್ತೇವಲ್ಲವೇ?
— ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಥಟ್ಟನೆ ಉತ್ತರ ಸಿಗದಿರುವುದಕ್ಕೆ ನಾವು ವಾಕ್ಯಗಳನ್ನು ವಿಂಗಡಿಸುತ್ತ ಬಂದಿರುವ ಪದ್ಧತಿಯೇ ಕಾರಣ. 1904ರಲ್ಲಿ ಸಿ. ಟಿ. ಆನಿಯನ್ಸ್ ಎಂಬ ವಿದ್ವಾಂಸರು ಇಂಗ್ಲಿಷ್ ವಾಕ್ಯದ ವಿಧೇಯಭಾಗಕ್ಕೆ ಐದು ರೂಪಗಳನ್ನು ಗೊತ್ತುಪಡಿಸಿದರು: ಬರಿಯ ಕ್ರಿಯಾಪದವಿರುವುದು, ಕ್ರಿಯಾಪದದ ಜೊತೆಗೆ ಪೂರಕವಿರುವುದು, ಒಂದು ಕರ್ಮವಿರುವುದು, ಎರಡು ಕರ್ಮಗಳಿರುವುದು, ಕರ್ಮವೂ ಅದಕ್ಕೊಂದು ಪೂರಕವೂ ಇರುವುದು. ಹಲವು ಶಾಲಾ ವ್ಯಾಕರಣಗಳಲ್ಲಿ ಕಾಣುವ ಐದು ವಾಕ್ಯ ಮಾದರಿಗಳು ಇವೇ. ಈ ಐದರಲ್ಲಿ ಯಾವುದಕ್ಕೂ ‘ಷಿ ಪುಟ್ ದ ಬುಕ್ ಆನ್ ದ ಟೇಬಲ್’ ಎಂಬ ವಾಕ್ಯ ಸರಿಯಾಗಿ ಹೊಂದುವುದಿಲ್ಲ. ‘ಆನ್ ದ ಟೇಬಲ್’ ಎಂಬುದು ಕರ್ಮವಲ್ಲ. ಪುಸ್ತಕ ಎಂಥದು ಎಂದು ಹೇಳುವ ಪೂರಕವೂ ಅಲ್ಲ. ಹಾಗಾಗಿ ಅದನ್ನು ‘ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು’ ಎಂಬ ಗುಂಪಿಗೆ ತಳ್ಳಿಬಿಡುವುದು ರೂಢಿಯಾಯಿತು. 1985ರಲ್ಲಿ ರ್ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಮೂವರು ಸಹಲೇಖಕರು ಹೊರತಂದ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ ಐದರ ಬದಲಿಗೆ ಏಳು ಮಾದರಿಗಳಿವೆ. ಹೆಚ್ಚುವರಿಯಾಗಿರುವ ಎರಡೂ ನಾವೀಗ ಮಾತನಾಡುತ್ತಿರುವ ಜಾತಿಯವು: ಒಂದರಲ್ಲಿ ಕ್ರಿಯಾಪದದ ಬೆನ್ನಿಗೇ ಸ್ಥಳ ಮೊದಲಾದುವನ್ನು ಹೇಳುವ ಪದ ಬರಲೇಬೇಕು, ಇನ್ನೊಂದರಲ್ಲಿ ಕರ್ಮವಾದ ಮೇಲೆ ಅಂಥ ಪದ ಬರಲೇಬೇಕು. ಮೊದಲನೆಯದಕ್ಕೆ ‘ದ ವಿಲೇಜ್ ಲೈಸ್ ಇನ್ ಎ ವ್ಯಾಲಿ’ ಎಂಬುದು ಉದಾಹರಣೆ. ಎರಡನೆಯದಕ್ಕೆ ನಿಮ್ಮ ‘ಪುಟ್’.

ಏಕೆ ಬರಲೇಬೇಕು ಎಂಬುದಕ್ಕೆ ನಮ್ಮ ಶಾಸ್ತ್ರಕಾರರ ಮಾತಿನಲ್ಲಿಯೇ ಸಮಾಧಾನವಿದೆ. ಪದಗಳು ಕೂಡಿ ವಾಕ್ಯಾರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಮೀಮಾಂಸಕರೂ ನೈಯಾಯಿಕರೂ ಹೇಳುತ್ತಾರೆ. ಒಂದು ಪದವನ್ನು ಕೇಳಿದೊಡನೆ ಇನ್ನೊಂದು ಪದಕ್ಕಾಗಿ ಕೇಳುಗನ ಮನಸ್ಸು ಕಾಯುವುದೇ ಆಕಾಂಕ್ಷೆ. ‘ಪುಟ್’ ಎಂಬ ಕ್ರಿಯಾಪದಕ್ಕೆ ಮೂರು ಆಕಾಂಕ್ಷೆಗಳಿವೆ: ಇಟ್ಟವರು ಯಾರು, ಇಟ್ಟದ್ದೇನು, ಇಟ್ಟದ್ದೆಲ್ಲಿ. ಒಂದು ವಸ್ತುವನ್ನು ಯಾರೋ ಒಂದು ಹೊಸ ಜಾಗಕ್ಕೆ ಸೇರಿಸಿದರು ಎಂಬುದಷ್ಟೇ ಈ ಕ್ರಿಯಾಪದದ ಹೂರಣವಾದ್ದರಿಂದ, ಜಾಗದ ಮಾತನ್ನು ತೆಗೆದುಬಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ‘ಹೈಡ್’ ಹಾಗಲ್ಲ; ಬಚ್ಚಿಡುವುದು ಎಂಬ ಕೆಲಸವೇ ಅದರಲ್ಲಿ ಪೂರ್ಣವಾಗಿ ಅಡಗಿರುವುದರಿಂದ ‘ಐ ಹಿಡ್ ದ ಬುಕ್’ ಎಂದರೆ ಸಾಕು, ಎಲ್ಲಿ ಎಂಬುದನ್ನು ಬೇಕಿದ್ದರೆ ಹೇಳಬಹುದು.

ಆಧುನಿಕ ಭಾಷಾವಿಜ್ಞಾನ ಇದೇ ವಿಚಾರಕ್ಕೆ ‘ವೇಲೆನ್ಸಿ’ ಎಂಬ ಹೆಸರನ್ನು ರಸಾಯನಶಾಸ್ತ್ರದಿಂದ ಎರವಲು ತಂದಿತು. ಫ್ರಾನ್ಸಿನ ಲೂಸಿಯೆಂ ತೆನಿಯೇರ್ ಕ್ರಿಯಾಪದವನ್ನು ಕೊಕ್ಕೆಗಳಿರುವ ಪರಮಾಣುವಿಗೆ ಹೋಲಿಸಿ, ಯಾವ ಕ್ರಿಯಾಪದಕ್ಕೆ ಎಷ್ಟು ಕೊಕ್ಕೆಗಳಿವೆ ಎಂಬುದರಿಂದ ವಾಕ್ಯದ ಕಟ್ಟಡ ನಿರ್ಧಾರವಾಗುತ್ತದೆ ಎಂದರು. ಅವರು ತೀರಿಕೊಂಡದ್ದು 1954ರಲ್ಲಿ. ಈ ವಾದವನ್ನು ವಿಸ್ತಾರವಾಗಿ ಮಂಡಿಸಿದ ಗ್ರಂಥ ಅಚ್ಚಾದದ್ದು 1959ರಲ್ಲಿ. ಸ್ವಾರಸ್ಯವೆಂದರೆ, ಸ್ಥಳ ಕಾಲ ರೀತಿಗಳನ್ನು ಹೇಳುವ ಪದಗಳನ್ನು ತೆನಿಯೇರ್ ಕೊಕ್ಕೆಗಳ ಲೆಕ್ಕಕ್ಕೆ ಸೇರಿಸಿರಲಿಲ್ಲ. ‘ಪುಟ್’ನಂಥ ಕ್ರಿಯಾಪದಗಳನ್ನು ಮುಂದಿಟ್ಟುಕೊಂಡು ಆ ಗೆರೆಯನ್ನು ಸರಿಪಡಿಸಿದವರು ನಂತರ ಬಂದವರು.

ಇನ್ನು, ಕನ್ನಡ ಮಾತನಾಡುವ ಮಕ್ಕಳು ಈ ತಪ್ಪನ್ನು ಇಷ್ಟು ಸಲೀಸಾಗಿ ಮಾಡುವುದೇಕೆ? ‘ಇಡು’ ಎಂಬುದಕ್ಕೂ ಸ್ಥಳದ ಆಕಾಂಕ್ಷೆ ಇದೆ. ಆದರೆ ಸಂದರ್ಭದಿಂದ ತಿಳಿಯುವುದನ್ನು ಬಾಯಿಬಿಟ್ಟು ಹೇಳಬೇಕೆಂಬ ಕಟ್ಟುಪಾಡು ಕನ್ನಡದಲ್ಲಿಲ್ಲ. ‘ಪುಸ್ತಕ ಇಟ್ಟೆಯಾ?’ ಎಂದು ಕೇಳಿದರೆ ‘ಇಟ್ಟೆ’ ಎಂದರಾಯಿತು. ಕರ್ತೃ, ಕರ್ಮ, ಸ್ಥಳ ಮೂರೂ ಕೇಳಿದವರ ಮನಸ್ಸಿನಲ್ಲಿ ಇದ್ದೇ ಇವೆ. ಇಂಗ್ಲಿಷಿನಲ್ಲಿ ತಿಳಿದಿರುವ ಸಂಗತಿಗೂ ಒಂದು ಪದವನ್ನು ನಿಲ್ಲಿಸಲೇಬೇಕು. ಕರ್ತೃವಿನ ಜಾಗದಲ್ಲಿ ‘ಐ’, ಕರ್ಮದ ಜಾಗದಲ್ಲಿ ‘ಇಟ್’ ನಿಲ್ಲುವ ಹಾಗೆಯೇ ಸ್ಥಳದ ಜಾಗದಲ್ಲಿ ‘ದೇರ್’, ‘ಡೌನ್’, ‘ಅವೇ’, ‘ಬ್ಯಾಕ್’ ಮೊದಲಾದ ಸಣ್ಣ ಪದಗಳು ನಿಲ್ಲುತ್ತವೆ. ‘ಐ ಪುಟ್ ಇಟ್ ದೇರ್’, ‘ಐ ಪುಟ್ ಇಟ್ ಡೌನ್’, ‘ಐ ಪುಟ್ ಇಟ್ ಅವೇ’ ಎಂಬ ಮೂರೂ ಪೂರ್ಣ ವಾಕ್ಯಗಳು. ‘ಎಲ್ಲಿ ಎಂದು ಹೇಳು’ ಎಂದು ತಿದ್ದಿದರೆ ಮಗು ಮೇಜನ್ನೋ ಕಪಾಟನ್ನೋ ಹುಡುಕಿಕೊಂಡು ಹೋಗುತ್ತದೆ. ಹೇಳುವುದಕ್ಕೆ ನಿರ್ದಿಷ್ಟ ಜಾಗವೇ ಇಲ್ಲದಿದ್ದರೂ ಆ ಸ್ಥಾನವನ್ನು ಖಾಲಿ ಬಿಡಬಾರದು ಎಂದು ತಿದ್ದಿದರೆ ವಿಷಯ ತಿಳಿಯುತ್ತದೆ. ಈ ಪಾಠವನ್ನು ಮೊದಲು ಈ ಸಣ್ಣ ಪದಗಳಿಂದ ಆರಂಭಿಸಿ, ಉದ್ದದ ಪದಗುಚ್ಛಗಳಿಗೆ ಆಮೇಲೆ ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ತರಗತಿಯಲ್ಲಿ ತೋರಿಸಬಹುದಾದ ಒಂದು ಪರೀಕ್ಷೆಯೂ ಇದೆ. ‘ಹಿ ರೆಡ್ ದ ಲೆಟರ್ ಇನ್ ದ ಗಾರ್ಡನ್ ಆ್ಯಂಡ್ ಷಿ ಡಿಡ್ ಸೋ ಇನ್ ದ ಕಿಚನ್’ ಎಂಬ ವಾಕ್ಯ ಸರಿಯಾಗಿದೆ; ಇಲ್ಲಿ ‘ಡಿಡ್ ಸೋ’ ಎಂದರೆ ಪತ್ರವನ್ನು ಓದಿದಳು ಎಂದಷ್ಟೇ ಅರ್ಥ, ತೋಟ ಅದರೊಳಗೆ ಸೇರಿಲ್ಲ, ಆದ್ದರಿಂದ ಅಡುಗೆಮನೆಯನ್ನು ಹೊಸದಾಗಿ ಹೇಳಬಹುದು. ಆದರೆ ‘ಹಿ ಪುಟ್ ದ ಲೆಟರ್ ಇನ್ ದ ಡ್ರಾಯರ್ ಆ್ಯಂಡ್ ಷಿ ಡಿಡ್ ಸೋ ಇನ್ ದ ಬಾಕ್ಸ್’ ಎಂದು ಯಾರೂ ಬರೆಯುವುದಿಲ್ಲ. ‘ಡಿಡ್ ಸೋ’ ಎಂದೊಡನೆ ಡ್ರಾಯರ್ ಕೂಡ ಅದರೊಳಗೆ ಸೇರಿಹೋಗುತ್ತದೆ, ಪೆಟ್ಟಿಗೆಗೆ ಸ್ಥಳವಿರುವುದಿಲ್ಲ. ಸ್ಥಳವನ್ನು ಹೇಳುವ ಪದ ಮೊದಲ ವಾಕ್ಯದಲ್ಲಿ ಹೊರಗಿನದು, ಎರಡನೆಯದರಲ್ಲಿ ಒಳಗಿನದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉಪಾಯ ನನಗೆ ಗೊತ್ತಿಲ್ಲ.

ಪ್ರಶ್ನೆ: ‘ಲಿವ್’ ಎಂಬ ಕ್ರಿಯಾಪದಕ್ಕೆ ಸ್ಥಳ ಬೇಕೇಬೇಕು ಎಂದು ಓದಿದ್ದೇನೆ. ಹಾಗಿದ್ದರೆ ‘ಹಿ ಲಿವ್ಡ್’ ಎಂಬುದು ಹೇಗೆ ಸರಿಯಾಗುತ್ತದೆ? ‘ಲಾಸ್ಟ್’ಗೆ ಅವಧಿ ಬೇಕು ಎನ್ನುತ್ತಾರೆ, ಆದರೆ ‘ದ ಪೀಸ್ ಡಿಡ್ ನಾಟ್ ಲಾಸ್ಟ್’ ಎಂದು ಬರೆದದ್ದನ್ನು ನೋಡಿದ್ದೇನೆ. ನಿಯಮಕ್ಕೆ ಇಷ್ಟೊಂದು ಅಪವಾದಗಳೇ?
— ಪದವಿ ವಿದ್ಯಾರ್ಥಿ

ಉತ್ತರ: ಇವು ಅಪವಾದಗಳಲ್ಲ. ನಿಯಮವನ್ನು ಕ್ರಿಯಾಪದದ ಅಕ್ಷರರೂಪಕ್ಕೆ ಕಟ್ಟಿದ್ದರಿಂದ ಹಾಗೆ ಕಾಣುತ್ತಿವೆ. ಅದನ್ನು ಕಟ್ಟಬೇಕಾದದ್ದು ಅರ್ಥಕ್ಕೆ. ‘ಲಿವ್’ ಎಂಬ ಒಂದೇ ರೂಪದಲ್ಲಿ ಬದುಕಿರುವುದು ಎಂಬ ಅರ್ಥವೂ ಇದೆ, ವಾಸವಾಗಿರುವುದು ಎಂಬ ಅರ್ಥವೂ ಇದೆ. ಅಪಘಾತಕ್ಕೊಳಗಾದವನ ವಿಷಯದಲ್ಲಿ ‘ಹಿ ಲಿವ್ಡ್’ ಎಂದರೆ ಉಳಿದುಕೊಂಡ ಎಂದಾಗುತ್ತದೆ, ಅದಕ್ಕೆ ಬೇರೇನೂ ಬೇಡ. ವಾಸವಾಗಿರುವ ಅರ್ಥದಲ್ಲಾದರೆ ‘ಹಿ ಲಿವ್ಸ್ ಇನ್ ಎ ಫ್ಲ್ಯಾಟ್’, ‘ಹಿ ಲಿವ್ಸ್ ನಿಯರ್‌ಬೈ’, ಕಡೆಗೆ ‘ಹಿ ಲಿವ್ಸ್ ಅಲೋನ್’ ಎಂದಾದರೂ ಹೇಳಬೇಕು. ಕೊನೆಯ ಉದಾಹರಣೆಯನ್ನು ಗಮನಿಸಿ: ಅಲ್ಲಿ ಸ್ಥಳವಿಲ್ಲ, ಹೇಗೆ ವಾಸಿಸುತ್ತಾನೆ ಎಂಬುದಿದೆ, ಆದರೂ ವಾಕ್ಯ ಪೂರ್ತಿಯಾಗಿದೆ. ಒಂದು ಕ್ರಿಯಾಪದ ಎಂಥ ಪದವನ್ನು ಬೇಡುತ್ತದೆ ಎಂಬುದರಲ್ಲಿ ಹೀಗೆ ಸ್ವಲ್ಪ ಸಡಿಲವೂ ಇರುತ್ತದೆ.

‘ಸ್ಟ್ಯಾಂಡ್’, ‘ಲೈ’, ‘ಸಿಟ್’, ‘ರನ್’ ಇವುಗಳದ್ದು ಇನ್ನೂ ಸ್ವಾರಸ್ಯದ ಕಥೆ. ಮನುಷ್ಯನ ವಿಷಯದಲ್ಲಿ ಇವು ದೇಹದ ಭಂಗಿಯನ್ನೋ ಚಲನೆಯನ್ನೋ ಹೇಳುತ್ತವೆ. ‘ಎವ್ರಿಬಡಿ ಸ್ಟುಡ್’ ಎಂದರೆ ಎಲ್ಲರೂ ಎದ್ದುನಿಂತರು ಎಂದು ಪೂರ್ಣಾರ್ಥ ಬರುತ್ತದೆ. ಆದರೆ ಕಟ್ಟಡ, ಊರು, ರಸ್ತೆ ಮುಂತಾದವು ಕರ್ತೃವಾದಾಗ ಭಂಗಿಯ ಅರ್ಥ ಸವೆದುಹೋಗಿ ‘ಇದೆ’ ಎಂಬಷ್ಟೇ ಉಳಿಯುತ್ತದೆ. ಎಲ್ಲಿದೆ ಎಂದು ಹೇಳದೆ ‘ದ ಟೌನ್ ಲೈಸ್’ ಎಂದರೆ ಊರು ಸುಳ್ಳು ಹೇಳುತ್ತಿದೆ ಎಂದು ಓದಿಕೊಳ್ಳುವುದಕ್ಕೂ ಆಸ್ಪದವಿದೆ! ‘ದ ಟೌನ್ ಲೈಸ್ ಆನ್ ದ ಕೋಸ್ಟ್’, ‘ದ ರೋಡ್ ರನ್ಸ್ ಥ್ರೂ ದ ಫಾರೆಸ್ಟ್’ ಎಂದು ಸ್ಥಳವನ್ನೋ ದಿಕ್ಕನ್ನೋ ಕೂಡಿಸಿದಾಗ ಮಾತ್ರ ವಾಕ್ಯ ನಿಲ್ಲುತ್ತದೆ. ಇದೇ ಜಾತಿಯ ಕ್ರಿಯಾಪದಗಳಲ್ಲಿ ಸ್ಥಳದ ಪದವನ್ನು ಮುಂದಕ್ಕೆ ತಂದು ಕರ್ತೃವನ್ನು ಕೊನೆಗೆ ತಳ್ಳುವ ಬರವಣಿಗೆಯೂ ಇಂಗ್ಲಿಷಿನಲ್ಲಿ ಸಹಜ: ‘ಇನ್ ದ ಕಾರ್ನರ್ ಸ್ಟುಡ್ ಎ ಲ್ಯಾಂಪ್’. ಸ್ಥಳ ಎತ್ತ ಹೋದರೂ ಸರಿ, ವಾಕ್ಯದಿಂದ ಹೊರಗೆ ಹೋಗುವಂತಿಲ್ಲ.

‘ಲಾಸ್ಟ್’ ವಿಷಯ ಬೇರೆ. ‘ದ ಮೀಟಿಂಗ್ ಲಾಸ್ಟೆಡ್ ಟೂ ಅವರ್ಸ್’ ಎಂಬಲ್ಲಿ ಅವಧಿಯೇ ಮುಖ್ಯ. ಅದನ್ನು ತೆಗೆದರೆ ‘ಸಭೆ ನಡೆಯಿತು’ ಎಂಬುದರ ಇಂಗ್ಲಿಷ್ ಆಗುವುದಿಲ್ಲ, ಅಪೂರ್ಣ ವಾಕ್ಯವಾಗುತ್ತದೆ. ಆದರೆ ನಿಷೇಧದಲ್ಲಿ, ‘ವಿಲ್ ಇಟ್ ಲಾಸ್ಟ್?’ ಎಂಬಂಥ ಪ್ರಶ್ನೆಯಲ್ಲಿ, ಬಹುಕಾಲ ಬಾಳುವುದು ಎಂಬ ಬೇರೊಂದು ಅರ್ಥ ಬಂದು ಕೂರುತ್ತದೆ. ‘ಬಹುಕಾಲ’ ಎಂಬುದು ಕ್ರಿಯಾಪದದೊಳಗೇ ಇರುವುದರಿಂದ ಹೊರಗೆ ಹೇಳಬೇಕಾಗಿಲ್ಲ. ‘ವೇ’ ಮತ್ತು ‘ಕಾಸ್ಟ್’ ಕೂಡ ಅಳತೆಯನ್ನು ಬೇಡುವ ಕ್ರಿಯಾಪದಗಳೇ. ‘ದ ಬ್ಯಾಗ್ ವೇಸ್ ಟೆನ್ ಕಿಲೋಸ್’ ಎಂಬಲ್ಲಿ ‘ಟೆನ್ ಕಿಲೋಸ್’ ಕರ್ಮದಂತೆ ಕಾಣುತ್ತದೆ, ಆದರೆ ಈ ವಾಕ್ಯವನ್ನು ಕರ್ಮಣಿಗೆ ತಿರುಗಿಸಿ ನೋಡಿದರೆ ಅದು ಕರ್ಮವಲ್ಲ ಎಂಬುದು ತಿಳಿಯುತ್ತದೆ.

ಪ್ರಶ್ನೆ: ನಾನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ ಮಾಡುತ್ತೇನೆ. ‘ಬಿಹೇವ್’, ‘ಟ್ರೀಟ್’, ‘ವರ್ಡ್’ ಎಂಬ ಕ್ರಿಯಾಪದಗಳು ಬಂದಾಗ ‘ಹೇಗೆ’ ಎಂಬುದನ್ನು ಬಿಡಬಾರದು ಎನ್ನಿಸುತ್ತದೆ. ಇದಕ್ಕೂ ನಿಯಮವಿದೆಯೇ? ‘ದಿಸ್ ಪೊಯಮ್ ಟ್ರಾನ್ಸ್‌ಲೇಟ್ಸ್ ವೆಲ್’ ಎಂಬ ಪ್ರಯೋಗ ಸಾಧುವೇ?
— ಅನುವಾದಕರೊಬ್ಬರು

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿದೆ. ಈ ಗುಂಪಿನಲ್ಲಿ ಕನ್ನಡವೂ ಇಂಗ್ಲಿಷೂ ಬಹುಮಟ್ಟಿಗೆ ಜೊತೆಯಾಗಿಯೇ ನಡೆಯುತ್ತವೆ. ‘ಅವರು ನನ್ನನ್ನು ನಡೆಸಿಕೊಂಡರು’ ಎಂದು ಹೇಳಿ ನಿಲ್ಲಿಸಿದರೆ ಕನ್ನಡದ ಕಿವಿಗೂ ಅದು ಅರ್ಧಕ್ಕೆ ಕಡಿದ ಮಾತಾಗುತ್ತದೆ. ಚೆನ್ನಾಗಿಯೋ, ಕೀಳಾಗಿಯೋ, ಮನೆಯವರಂತೆಯೋ ಎಂದು ಹೇಳಲೇಬೇಕು. ‘ದೇ ಟ್ರೀಟೆಡ್ ಮಿ’ ಎಂಬುದರದ್ದೂ ಅದೇ ಪಾಡು, ಒಂದು ವ್ಯತ್ಯಾಸದೊಂದಿಗೆ: ‘ಹೇಗೆ’ ಎಂಬುದಿಲ್ಲದಿದ್ದರೆ ಇಂಗ್ಲಿಷ್ ಓದುಗರು ವಾಕ್ಯವನ್ನು ತಪ್ಪೆಂದು ತಳ್ಳಿಹಾಕುವುದಿಲ್ಲ, ಚಿಕಿತ್ಸೆ ಕೊಟ್ಟರು ಎಂದೋ ತಮ್ಮ ಖರ್ಚಿನಲ್ಲಿ ಔತಣ ಕೊಡಿಸಿದರು ಎಂದೋ ಬೇರೆ ಅರ್ಥಕ್ಕೆ ಹೊರಳುತ್ತಾರೆ. ಅನುವಾದದಲ್ಲಿ ಇಂಥ ಜಾಗವೇ ಅಪಾಯದ್ದು, ಏಕೆಂದರೆ ತಪ್ಪು ತಪ್ಪಾಗಿ ಕಾಣುವುದೇ ಇಲ್ಲ.

‘ಬಿಹೇವ್’ ಒಂಟಿಯಾಗಿ ಬಂದಾಗ ಅದರ ಅರ್ಥ ಒಳ್ಳೆಯ ಕಡೆಗೆ ವಾಲುತ್ತದೆ, ಮಕ್ಕಳಿಗೆ ‘ಬಿಹೇವ್!’ ಎಂದರೆ ಸರಿಯಾಗಿ ನಡೆದುಕೊ ಎಂದೇ ಅರ್ಥ. ಅದರಾಚೆಗೆ ‘ಷಿ ಬಿಹೇವ್ಡ್ ಬ್ಯಾಡ್ಲಿ’, ‘ದ ಮೆಟಲ್ ಬಿಹೇವ್ಸ್ ಡಿಫರೆಂಟ್ಲಿ ಅಂಡರ್ ಪ್ರೆಷರ್’ ಎಂದು ರೀತಿಯನ್ನು ಹೇಳಬೇಕು. ಇಲ್ಲೊಂದು ಅಚ್ಚುಕಟ್ಟಾದ ಪುರಾವೆಯಿದೆ. ‘ಮಿಸ್‌ಬಿಹೇವ್’, ‘ಮಿಸ್‌ಟ್ರೀಟ್’ ಎಂಬ ರೂಪಗಳು ಯಾವ ಕ್ರಿಯಾವಿಶೇಷಣವನ್ನೂ ಬೇಡುವುದಿಲ್ಲ. ‘ದೇ ಮಿಸ್‌ಟ್ರೀಟೆಡ್ ದ ಪ್ರಿಸನರ್ಸ್’ ಪೂರ್ಣ ವಾಕ್ಯ. ಮುಂದೆ ಸೇರಿರುವ ‘ಮಿಸ್’ ಎಂಬ ಉಪಸರ್ಗವೇ ಕೆಟ್ಟದಾಗಿ ಎಂಬ ಅರ್ಥವನ್ನು ಹೊತ್ತು ತಂದು ಖಾಲಿ ಸ್ಥಾನವನ್ನು ತುಂಬಿಬಿಟ್ಟಿದೆ. ಸ್ಥಾನ ಇದ್ದೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ವರ್ಡ್’ ಎಂಬುದು ಕ್ರಿಯಾಪದವಾದಾಗ, ಅಂದರೆ ಮಾತುಗಳನ್ನು ಆರಿಸಿ ಜೋಡಿಸುವುದು ಎಂಬ ಅರ್ಥದಲ್ಲಿ, ‘ಷಿ ವರ್ಡೆಡ್ ದ ಲೆಟರ್ ಕೇರ್‌ಫುಲ್ಲಿ’ ಎನ್ನಬೇಕು. ‘ಷಿ ವರ್ಡೆಡ್ ದ ಲೆಟರ್’ ಎಂದರೆ ಕೇಳಿದವರು ಮುಂದಿನ ಪದಕ್ಕಾಗಿ ಕಾಯುತ್ತಾರೆ. ಇದು ಹೆಚ್ಚಾಗಿ ಬಳಕೆಯಾಗುವುದು ‘ಎ ಕೇರ್‌ಫುಲ್ಲಿ ವರ್ಡೆಡ್ ಲೆಟರ್’, ‘ಎ ಸ್ಟ್ರಾಂಗ್ಲಿ ವರ್ಡೆಡ್ ಸ್ಟೇಟ್‌ಮೆಂಟ್’ ಎಂಬ ವಿಶೇಷಣರೂಪದಲ್ಲಿ, ಮತ್ತು ಅಲ್ಲಿಯೂ ಮೊದಲ ಪದವನ್ನು ಬಿಡುವಂತಿಲ್ಲ. ಬರಿಯ ‘ಎ ವರ್ಡೆಡ್ ಲೆಟರ್’ ಎಂಬುದು ಇಂಗ್ಲಿಷಲ್ಲ. ‘ಬೋಡ್’ ಮತ್ತು ‘ಆಗರ್’ ಎಂಬ, ಶಕುನದ ಛಾಯೆಯಿರುವ ಕ್ರಿಯಾಪದಗಳಂತೂ ಇಂದಿನ ಬಳಕೆಯಲ್ಲಿ ‘ವೆಲ್’, ‘ಇಲ್’, ‘ಬ್ಯಾಡ್ಲಿ’ ಎಂಬ ಎರಡು ಮೂರು ಪದಗಳ ಸಹವಾಸವನ್ನು ಬಿಟ್ಟು ಹೊರಗೆ ಕಾಣುವುದೇ ಅಪರೂಪ. ‘ಫೇರ್’ ಎಂಬುದೂ ಹಾಗೆಯೇ: ‘ದೇ ಫೇರ್ಡ್ ಬ್ಯಾಡ್ಲಿ’. ಪ್ರಶ್ನೆಯಲ್ಲಾದರೆ ‘ಹೌ ಡಿಡ್ ದೇ ಫೇರ್?’ ಎಂದು ‘ಹೌ’ ಎಂಬ ಪದವೇ ಆ ಸ್ಥಾನವನ್ನು ತುಂಬುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿರುವ ಪ್ರಯೋಗ ಸಾಧುವೇ. ಕರ್ಮವಾಗಿರಬೇಕಾದದ್ದು ಕರ್ತೃವಿನ ಸ್ಥಾನಕ್ಕೆ ಬಂದು, ಕ್ರಿಯಾಪದ ಮಾತ್ರ ಕರ್ತರಿಯಲ್ಲಿಯೇ ಉಳಿಯುವ ರಚನೆ ಅದು. ‘ದ ಬುಕ್ ಸೆಲ್ಸ್ ವೆಲ್’, ‘ದಿಸ್ ಫ್ಯಾಬ್ರಿಕ್ ವಾಷಸ್ ಈಸಿಲಿ’, ‘ದ ರಿಪೋರ್ಟ್ ರೀಡ್ಸ್ ಲೈಕ್ ಎ ನಾವೆಲ್’ ಇವೆಲ್ಲ ಅದರ ಮಾದರಿಗಳು. ಯಾರು ಮಾರಿದರು, ಯಾರು ಒಗೆದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ವಸ್ತುವಿನ ಗುಣವೇನು ಎಂಬುದನ್ನು ಹೇಳುವುದೇ ಉದ್ದೇಶವಾದ್ದರಿಂದ ಆ ಗುಣವನ್ನು ತಿಳಿಸುವ ‘ವೆಲ್’, ‘ಈಸಿಲಿ’ ಎಂಬ ಪದಗಳನ್ನು ತೆಗೆದರೆ ವಾಕ್ಯಕ್ಕೆ ಕೆಲಸವಿಲ್ಲದಂತಾಗುತ್ತದೆ. ಆದರೆ ನಿಷೇಧ ಬಂದರೆ ಈ ಕಟ್ಟು ಸಡಿಲವಾಗುತ್ತದೆ: ‘ದಿಸ್ ಪೊಯಮ್ ಡಸ್ ನಾಟ್ ಟ್ರಾನ್ಸ್‌ಲೇಟ್’ ಎಂದು ನಿಲ್ಲಿಸಬಹುದು, ಏಕೆಂದರೆ ಅನುವಾದಕ್ಕೆ ಒಗ್ಗದಿರುವುದೂ ಒಂದು ಗುಣವೇ ಆಗಿ ಹೇಳಬೇಕಾದದ್ದು ಅಷ್ಟರಿಂದಲೇ ಮುಗಿಯುತ್ತದೆ. ಕನ್ನಡಕ್ಕೆ ತರುವಾಗ ಕ್ರಿಯಾಪದವನ್ನು ಹಾಗೆಯೇ ಇಟ್ಟು ‘ಈ ಕವಿತೆ ಚೆನ್ನಾಗಿ ಅನುವಾದಿಸುತ್ತದೆ’ ಎಂದು ಬರೆಯುವುದನ್ನು ಈಚೆಗೆ ಕಾಣುತ್ತಿದ್ದೇವೆ. ಅದು ಕವಿತೆಯನ್ನೇ ಅನುವಾದಕನನ್ನಾಗಿ ಮಾಡಿಬಿಡುತ್ತದೆ. ‘ಅನುವಾದಕ್ಕೆ ಚೆನ್ನಾಗಿ ಒಗ್ಗುತ್ತದೆ’ ಎಂದರೆ ಕನ್ನಡವಾಗುತ್ತದೆ.

ಪ್ರಶ್ನೆ: ‘ಲುಕ್ ಅಟ್’, ‘ಡಿಪೆಂಡ್ ಆನ್’, ‘ಪುಟ್ ಆಫ್’ ಇವೂ ‘ಪುಟ್ ಆನ್ ದ ಟೇಬಲ್’ ಎಂಬುದರ ಗುಂಪಿಗೇ ಸೇರುತ್ತವೆಯೇ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು

ಉತ್ತರ: ಸೇರುವುದಿಲ್ಲ. ‘ಡಿಪೆಂಡ್’ ಬೇಡುವುದು ಒಂದು ನಿರ್ದಿಷ್ಟ ಪ್ರಿಪೊಸಿಷನ್ನನ್ನು. ‘ಆನ್’ ಅಥವಾ ‘ಅಪಾನ್’ ಬಿಟ್ಟು ‘ಇನ್’ ಎಂದೋ ‘ಅಂಡರ್’ ಎಂದೋ ಹಾಕುವಂತಿಲ್ಲ, ಆ ‘ಆನ್’ಗೆ ಮೇಲೆ ಎಂಬ ಅರ್ಥವೂ ಇಲ್ಲ. ‘ಪುಟ್’ಗೆ ಬೇಕಾದದ್ದು ಸ್ಥಳವೆಂಬ ಅರ್ಥ ಮಾತ್ರ, ‘ಆನ್ ದ ಟೇಬಲ್’, ‘ಅಂಡರ್ ದ ಬೆಡ್’, ‘ಬಿಹೈಂಡ್ ದ ಡೋರ್’, ‘ಹಿಯರ್’ ಯಾವುದಾದರೂ ಆದೀತು. ಒಂದರದ್ದು ಪದದ ಬೇಡಿಕೆ, ಇನ್ನೊಂದರದ್ದು ಅರ್ಥದ ಬೇಡಿಕೆ. ‘ಪುಟ್ ಆಫ್’ ಮೂರನೆಯ ಜಾತಿ. ಮುಂದೂಡುವುದು ಎಂಬ ಅರ್ಥದಲ್ಲಿ ಅವೆರಡೂ ಸೇರಿ ಒಂದೇ ಕ್ರಿಯಾಪದವಾಗಿವೆ, ‘ವಿ ಪುಟ್ ಆಫ್ ದ ಮೀಟಿಂಗ್’ ಎಂದಾದ ಮೇಲೆ ಸ್ಥಳವನ್ನು ಯಾರೂ ಕೇಳುವುದಿಲ್ಲ. ಆದರೆ ಗಡಿ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಾಗಿಲ್ಲ: ‘ಪುಟ್ ಯುವರ್ ಕೋಟ್ ಆನ್’ ಎಂಬಲ್ಲಿ ‘ಆನ್’ ಸ್ಥಳವನ್ನು ಹೇಳುತ್ತದೆಯೋ, ತೊಟ್ಟುಕೊಳ್ಳುವುದು ಎಂಬ ಹೊಸ ಕ್ರಿಯಾಪದದ ಭಾಗವೋ ಎಂದು ಕೇಳಿದರೆ ಎರಡೂ ಕಡೆಗೆ ವಾದಿಸಬಹುದು.

ಪ್ರಶ್ನೆ: ಯಾವ ಕ್ರಿಯಾಪದಕ್ಕೆ ಇಂಥ ಪದ ಬೇಕು ಎಂಬುದನ್ನು ನಿಘಂಟಿನಲ್ಲಿ ನೋಡಿ ತಿಳಿಯಬಹುದೇ?
— ಅದೇ ಓದುಗರು

ಉತ್ತರ: ತಿಳಿಯಬಹುದು, ಆದರೆ ಕಲಿಯುವವರಿಗೆಂದು ಮಾಡಿದ ನಿಘಂಟನ್ನೇ ನೋಡಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಹೊರಬಂದು, 1948ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಿಂದ ಮತ್ತೆ ಅಚ್ಚಾಯಿತು. ಪದದ ಅರ್ಥವನ್ನಷ್ಟೇ ಕೊಡದೆ, ಆ ಕ್ರಿಯಾಪದದ ನಂತರ ಏನೇನು ಬರಬೇಕು ಎಂಬುದನ್ನೂ ಸಂಕೇತಗಳಿಂದ ತೋರಿಸಿದ್ದು ಅದರ ಹೆಚ್ಚುಗಾರಿಕೆ. ಆ ಸಂಕೇತಗಳನ್ನು ಬಿಡಿಸಿಕೊಳ್ಳುವುದು ಕಷ್ಟವೆಂಬ ದೂರು ಇದ್ದುದರಿಂದ ಈಗ ಮಾತಿನಲ್ಲಿಯೇ ಸೂಚಿಸುತ್ತಾರೆ. ಆಕ್ಸ್‌ಫರ್ಡಿನ ಕಲಿಕಾ ನಿಘಂಟಿನಲ್ಲಿ ಕೂಡಿಸುವ ಗುರುತು ಹಾಕಿ ಆ್ಯಡ್‌ವರ್ಬ್ ಮತ್ತು ಪ್ರಿಪೊಸಿಷನ್ ಎಂಬುದರ ಸಂಕ್ಷಿಪ್ತ ರೂಪಗಳನ್ನು ಕೊಡುತ್ತಾರೆ. ಲಾಂಗ್‌ಮನ್ ನಿಘಂಟಿನಲ್ಲಿ ‘ಆಲ್ವೇಸ್’ ಎಂಬ ಪದವನ್ನೇ ಸೇರಿಸಿ, ಯಾವಾಗಲೂ ಬೇಕು ಎಂದು ಹೇಳುತ್ತಾರೆ. ಈ ಸೂಚನೆಗಳು ಇಡೀ ಕ್ರಿಯಾಪದಕ್ಕಲ್ಲದೆ ಅದರ ಒಂದೊಂದು ಅರ್ಥಕ್ಕೂ ಬೇರೆ ಬೇರೆಯಾಗಿ ಇರುತ್ತವೆ ಎಂಬುದನ್ನು ಮರೆಯದೆ, ನಿಮಗೆ ಬೇಕಾದ ಅರ್ಥದ ಎದುರಿಗೇ ನೋಡಬೇಕು.

ಪ್ರಶ್ನೆ: ‘ದಿಸ್ ಹೌಸ್ ವಾಸ್ ಬಿಲ್ಟ್’ ಎಂಬ ವಾಕ್ಯವನ್ನು ನನ್ನ ಮೇಲಧಿಕಾರಿ ಅಪೂರ್ಣವೆಂದು ತಿದ್ದಿದರು. ‘ಬಿಲ್ಡ್’ ಕೂಡ ಈ ಗುಂಪಿನದೇ?
— ವರದಿಗಳನ್ನು ಬರೆಯುವ ಉದ್ಯೋಗಿ

ಉತ್ತರ: ತಿದ್ದಿದ್ದು ಸರಿ, ಆದರೆ ಕಾರಣ ಬೇರೆ. ‘ದೇ ಬಿಲ್ಟ್ ದಿಸ್ ಹೌಸ್’ ಎಂಬ ಕರ್ತರಿ ವಾಕ್ಯಕ್ಕೆ ಏನೂ ಕೊರತೆಯಿಲ್ಲದಿರುವುದರಿಂದ ‘ಬಿಲ್ಡ್’ ತನ್ನಷ್ಟಕ್ಕೆ ಸ್ಥಳವನ್ನೂ ಕಾಲವನ್ನೂ ಬೇಡುವ ಕ್ರಿಯಾಪದವಲ್ಲ. ಕರ್ಮಣಿಯಲ್ಲಿ ಹೇಳಿದಾಗ ಕಟ್ಟಿದವರು ಮರೆಯಾಗಿ ‘ಈ ಮನೆಯನ್ನು ಕಟ್ಟಲಾಯಿತು’ ಎಂಬಷ್ಟೇ ಉಳಿಯುತ್ತದೆ. ಕಣ್ಣೆದುರಿಗಿರುವ ಮನೆಯನ್ನು ಯಾರೋ ಕಟ್ಟಿಯೇ ಇರಬೇಕಾದ್ದರಿಂದ ಅದು ಯಾರಿಗೂ ಹೊಸ ಸುದ್ದಿಯಲ್ಲ. ಯಾವಾಗ, ಯಾರಿಂದ, ಯಾವುದರಿಂದ ಎಂಬುದರಲ್ಲಿ ಒಂದನ್ನು ಸೇರಿಸಿದರೆ ಸಾಕು. ‘ದಿಸ್ ಹೌಸ್ ವಾಸ್ ಬಿಲ್ಟ್ ಇನ್ 1930’ ಎಂದರೆ ಸುದ್ದಿಯಾಯಿತು. ಏನನ್ನೂ ಸೇರಿಸದೆ ‘ದಿಸ್ ಹೌಸ್ ವಾಸ್ ನೆವರ್ ಬಿಲ್ಟ್’ ಎಂದು ನಕ್ಷೆಯನ್ನು ತೋರಿಸುತ್ತ ಹೇಳಿದರೂ ಸುದ್ದಿಯೇ. ಇಂಥ ಸಂದರ್ಭವೇ ಇಲ್ಲದಿರುವುದು ‘ಪುಟ್’ಗೆ: ‘ಐ ನೆವರ್ ಪುಟ್ ದ ಬುಕ್’ ಎಂಬುದು ಎಲ್ಲಿ ಹೇಳಿದರೂ ತಪ್ಪೇ.

ಪ್ರಶ್ನೆ: ‘ವಿ ರೀಚ್ಡ್’ ಎಂದು ಬರೆದರೆ ತಪ್ಪು, ‘ವಿ ರೀಚ್ಡ್ ಟು ದ ಸ್ಟೇಷನ್’ ಎಂದರೂ ತಪ್ಪು ಎನ್ನುತ್ತಾರೆ. ಸ್ಥಳ ಬೇಕೋ ಬೇಡವೋ?
— ಗೃಹಿಣಿಯೊಬ್ಬರು

ಉತ್ತರ: ಸ್ಥಳ ಬೇಕು, ಆದರೆ ‘ರೀಚ್’ ಅದನ್ನು ಕರ್ಮವಾಗಿ ಕೇಳುತ್ತದೆ. ‘ನಿಲ್ದಾಣಕ್ಕೆ ತಲುಪಿದೆವು’, ‘ನಿಲ್ದಾಣವನ್ನು ತಲುಪಿದೆವು’, ಬರಿಯ ‘ತಲುಪಿದೆವು’ ಎಂಬ ಮೂರೂ ಕನ್ನಡದಲ್ಲಿ ನಡೆಯುವುದರಿಂದ ನಮಗೆ ಇಲ್ಲಿ ಎಡವಟ್ಟಾಗುತ್ತದೆ. ಇಂಗ್ಲಿಷಿನಲ್ಲಿ ‘ವಿ ರೀಚ್ಡ್ ದ ಸ್ಟೇಷನ್’ ಒಂದೇ ದಾರಿ. ಏನನ್ನೂ ಸೇರಿಸದೆ ಹೇಳಬೇಕೆನ್ನಿಸಿದರೆ ಕ್ರಿಯಾಪದವನ್ನೇ ಬದಲಿಸಿ ‘ವಿ ಹ್ಯಾವ್ ಅರೈವ್ಡ್’ ಎನ್ನಬೇಕು.

ಒಂದೇ ಸ್ಥಳವು ಒಂದು ಕ್ರಿಯಾಪದಕ್ಕೆ ಆಧಾರವಾಗಿ, ಇನ್ನೊಂದಕ್ಕೆ ಕರ್ಮವಾಗಿ ಒದಗುವುದು ಇಂಗ್ಲಿಷಿನ ವೈಚಿತ್ರ್ಯವೇನೂ ಅಲ್ಲ. ಕ್ರಿಯೆಗೆ ಆಧಾರವಾದದ್ದು ಅಧಿಕರಣ ಎಂದು ಹೇಳಿದ ಪಾಣಿನಿ, ಅದರ ಮರುಸೂತ್ರದಲ್ಲಿಯೇ, ‘ಅಧಿ’ ಎಂಬ ಉಪಸರ್ಗ ಕೂಡಿದ ಮಲಗು, ನಿಲ್ಲು, ಕುಳಿತುಕೊಳ್ಳು ಎಂಬರ್ಥದ ಧಾತುಗಳಿಗೆ ಆಧಾರವೇ ಕರ್ಮವಾಗುತ್ತದೆ ಎಂದು ವಿಧಿಸಿದ್ದಾನೆ. ಸ್ವಲ್ಪ ಮುಂದೆ ವಾಸಿಸು ಎಂಬರ್ಥದ ಧಾತುವಿಗೂ ಅದನ್ನು ವಿಸ್ತರಿಸಿದ್ದಾನೆ. ‘ವನೇ ವಸತಿ’ ಎಂಬಲ್ಲಿ ಸಪ್ತಮಿಯಲ್ಲಿದ್ದ ಕಾಡು ‘ವನಮಧಿವಸತಿ’ ಎಂಬಲ್ಲಿ ದ್ವಿತೀಯೆಗೆ ಬರುವುದು ಹೀಗೆ. ‘ಲಿವ್ ಇನ್ ದ ಫಾರೆಸ್ಟ್’ ಮತ್ತು ‘ಇನ್‌ಹ್ಯಾಬಿಟ್ ದ ಫಾರೆಸ್ಟ್’ ಎಂಬುವುಗಳ ನಡುವಿನ ಅಂತರವೂ ಇದೇ ಬಗೆಯದು.

ಇನ್ನೊಂದು ಮಾತನ್ನು ಸೇರಿಸಬೇಕು. ‘ಹೋಮ್’, ‘ಹಿಯರ್’, ‘ದೇರ್’ ಎಂಬ ಪದಗಳು ನಾಮಪದಗಳಂತೆ ಕರ್ಮವಾಗದಿದ್ದರೂ ‘ವಿ ರೀಚ್ಡ್ ಹೋಮ್’, ‘ವೆನ್ ಡಿಡ್ ಯು ರೀಚ್ ಹಿಯರ್’ ಎಂದು ‘ರೀಚ್’ ಜೊತೆಗೆ ಬಳಕೆಯಲ್ಲಿವೆ, ಅವುಗಳ ಹಿಂದೆಯೂ ‘ಟು’ ಬರುವುದಿಲ್ಲ. ‘ಎಂಟರ್’ ಕೂಡ ‘ರೀಚ್’ನಂತೆಯೇ ಕೋಣೆಯನ್ನು ನೇರವಾಗಿ ಕರ್ಮವಾಗಿ ತೆಗೆದುಕೊಳ್ಳುತ್ತದೆ, ‘ಎಂಟರ್ ಇಂಟು’ ಎಂದು ಬರೆಯಬೇಕಾದದ್ದು ಒಪ್ಪಂದಕ್ಕೋ ಮಾತುಕತೆಗೋ ತೊಡಗುವ ಅರ್ಥದಲ್ಲಿ.